ಕೆಮ್ಮಣ್ಣಿನಲ್ಲಿದ್ದೂ ಕಬ್ಬಿಣ ಸಿಗದ ಕೇಪಳ

ಪ್ರಶ್ನೆ: ಮಂಡ್ಯದ ಹೊರವಲಯದಲ್ಲಿ, ಹಿಂದೆ ಕಬ್ಬಿನ ಗದ್ದೆಯಾಗಿದ್ದ ಜಾಗದ ಬಡಾವಣೆಯೊಂದರಲ್ಲಿ ಮೂರು ವರ್ಷಗಳ ಹಿಂದೆ ಮನೆ ಕಟ್ಟಿದೆವು. ಕಾಂಪೌಂಡಿನ ಉದ್ದಕ್ಕೂ 24 ಕೆಂಪು ಇಕ್ಸೋರಾ ಗಿಡಗಳನ್ನು ನೆಟ್ಟಿದ್ದೇವೆ. ಮೊದಲ ವರ್ಷ ಚೆನ್ನಾಗಿಯೇ ಬಂದವು. ಈಗ ಚಿಗುರೆಲೆಗಳೆಲ್ಲ ಹಳದಿಯಾಗಿವೆ, ಕೆಲವಂತೂ ಬೆಳ್ಳಗಾಗಿವೆ. ನರಗಳು ಮಾತ್ರ ಹಸಿರಾಗಿವೆ. ಹೂ ನಿಂತುಹೋಗಿದೆ. ಯೂರಿಯಾ, ಡಿಎಪಿ, ಬೇವಿನ ಹಿಂಡಿ, ಒಲೆಯ ಬೂದಿ ಎಲ್ಲವನ್ನೂ ಹಾಕಿ ನೋಡಿದ್ದಾಯಿತು. ನೀರು ಬೋರ್‌ವೆಲ್ಲಿನದು. ತಾರಸಿಯ ಮಳೆನೀರಿನ ಪೈಪು ಇಳಿಯುವ ಮೂಲೆಯಲ್ಲಿರುವ ಎರಡು ಗಿಡಗಳು ಮಾತ್ರ ಕಡುಹಸಿರಾಗಿದ್ದು ಹೂ ಬಿಡುತ್ತಿವೆ. ಕಾರಣವೇನು? ಎಲ್ಲವನ್ನೂ ಕಿತ್ತು ಬೇರೆ ಗಿಡ ಹಾಕಬೇಕೆ?

ಉತ್ತರ: ಕೀಳಬೇಡಿ. ನಿಮ್ಮ ಪ್ರಶ್ನೆಯ ಉತ್ತರ ನಿಮ್ಮದೇ ಪತ್ರದಲ್ಲಿ, ಮೂಲೆಯ ಆ ಎರಡು ಗಿಡಗಳ ಬಗ್ಗೆ ಬರೆದ ಸಾಲಿನಲ್ಲಿದೆ. ಅವು ಉಳಿದ 22 ಗಿಡಗಳ ಜೊತೆಗೇ ಬಂದವು, ಅದೇ ಗೋಡೆಯ ಬುಡದಲ್ಲಿ ನಿಂತಿವೆ, ಅದೇ ಗೊಬ್ಬರ ತಿಂದಿವೆ. ಅವಕ್ಕೆ ಹೆಚ್ಚಿಗೆ ಸಿಕ್ಕಿದ್ದು ಒಂದೇ: ವರ್ಷದಲ್ಲಿ ಹಲವಾರು ಸಲ, ಇಡೀ ತಾರಸಿಯ ಮಳೆನೀರು ಅವುಗಳ ಬುಡದಲ್ಲಿ ಸುರಿದು ಮಣ್ಣನ್ನು ತೊಳೆದುಕೊಂಡು ಹೋಗಿದೆ. ಆದ್ದರಿಂದ ಇದು ಗೊಬ್ಬರದ ಕೊರತೆಯಾಗಲೀ ಅಂಟುರೋಗವಾಗಲೀ ಆಗಿರುವ ಸಂಭವ ಕಡಿಮೆ. ನೀರಿನಿಂದ, ಗೋಡೆಯಿಂದ ಮತ್ತು ನೀವು ಒಳ್ಳೆಯ ಮನಸ್ಸಿನಿಂದಲೇ ಹಾಕಿದ ಕೆಲವು ವಸ್ತುಗಳಿಂದ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿ, ಮಣ್ಣಿನಲ್ಲಿರುವ ಕಬ್ಬಿಣ ಗಿಡಕ್ಕೆ ದಕ್ಕದಂತಾಗಿದೆ ಎಂಬುದು ನನ್ನ ತೀರ್ಮಾನ. ಈ ತೀರ್ಮಾನ ಸರಿಯೇ ಎಂದು ಹತ್ತೇ ದಿನಗಳಲ್ಲಿ ನೀವೇ ಪರೀಕ್ಷಿಸಿ ನೋಡಬಹುದಾದ ವಿಧಾನವನ್ನು ಮುಂದೆ ಹೇಳಿದ್ದೇನೆ.

ನರ್ಸರಿಗಳಲ್ಲಿ ಇಕ್ಸೋರಾ ಎಂದು ಮಾರುವ ಈ ಗಿಡ ನಮಗೆ ಹೊರಗಿನದಲ್ಲ. ಕರಾವಳಿ ಮತ್ತು ಮಲೆನಾಡಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕೇಪಳವೇ ಇದು; ಗುಡ್ಡೇದಾಸವಾಳ ಎಂದೂ ಕರೆಯುವುದುಂಟು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಹೆಸರಿಡುವಾಗ ಈ ಕುಲಕ್ಕೆ ಕೊಟ್ಟ ಇಕ್ಸೋರಾ ಎಂಬ ಹೆಸರು ನಮ್ಮ ‘ಈಶ್ವರ’ನೇ ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿಕೊಂಡದ್ದು ಎನ್ನುತ್ತಾರೆ. ಕಾಫಿ ಗಿಡ ಸೇರಿದ ಕುಟುಂಬಕ್ಕೇ ಇದೂ ಸೇರಿದೆ. ಈ ಸಂಬಂಧವನ್ನು ನೆನಪಿಟ್ಟುಕೊಂಡರೆ ಇದರ ಸ್ವಭಾವ ತಿಳಿಯುವುದು ಸುಲಭ. ಕಾಫಿಯಂತೆಯೇ ಇದಕ್ಕೂ ಸ್ವಲ್ಪ ಹುಳಿ ಗುಣದ, ಎಲೆಗೊಬ್ಬರ ತುಂಬಿದ, ತೇವವಿದ್ದೂ ನೀರು ನಿಲ್ಲದ ಮಣ್ಣು ಬೇಕು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಮಣ್ಣಿನ ಸುಣ್ಣವನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿಯ ಜಂಬಿಟ್ಟಿಗೆ ಮಣ್ಣಿನ ರಸಸಾರ, ಅಂದರೆ ಪಿಎಚ್ (7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ), ಸಾಮಾನ್ಯವಾಗಿ 5ರಿಂದ 6ರೊಳಗೆ ಇರುತ್ತದೆ. ಮಂಡ್ಯದಲ್ಲಿ ಬೀಳುವ ಮಳೆ ಸುಮಾರು 700 ಮಿ.ಮೀ. ಮಾತ್ರ. ಅದು ಸುಣ್ಣವನ್ನು ತೊಳೆಯಲು ಸಾಲದು. ಉಳಿದ ದಿನಗಳಲ್ಲಿ ನಾವು ಬೋರ್‌ವೆಲ್ಲಿನ ಗಡಸು ನೀರಿನ ಮೂಲಕ ಸುಣ್ಣವನ್ನು ಸೇರಿಸುತ್ತಲೇ ಇರುತ್ತೇವೆ.

ಈಗ ಎಲೆಯನ್ನು ನೋಡೋಣ. ಹಳದಿಯಾದ ಚಿಗುರೆಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ನಡುನರ, ಅದರಿಂದ ಕವಲೊಡೆದ ಪಕ್ಕದ ನರಗಳು, ಅವುಗಳ ನಡುವಿನ ಕೂದಲೆಳೆಯಂಥ ಸಣ್ಣ ನರಗಳೂ ಹಸಿರು ದಾರದಲ್ಲಿ ಹೆಣೆದ ಬಲೆಯಂತೆ ಸ್ಪಷ್ಟವಾಗಿ ಕಂಡು, ಅವುಗಳ ನಡುವಿನ ಭಾಗ ಮಾತ್ರ ನಿಂಬೆಯ ಬಣ್ಣಕ್ಕೆ ತಿರುಗಿದ್ದರೆ ಅದು ಕಬ್ಬಿಣ ಸಾಲದೆ ಬರುವ ಹಳದಿತನ. ಗಿಡದೊಳಗೆ ಕಬ್ಬಿಣ ಒಮ್ಮೆ ಒಂದು ಎಲೆಯನ್ನು ಸೇರಿದರೆ ಅಲ್ಲಿಂದ ಮತ್ತೆ ಕದಲುವುದು ತೀರಾ ಕಡಿಮೆ. ಹಳೆಯ ಎಲೆ ತನ್ನ ಪಾಲನ್ನು ಚಿಗುರಿಗೆ ಬಿಟ್ಟುಕೊಡಲಾರದು. ಹೀಗಾಗಿ ಬುಡದ ಎಲೆಗಳು ಹಸಿರಾಗಿಯೇ ಉಳಿದು ತುದಿಯ ಎಲೆಗಳು ಬಿಳಿಚಿಕೊಳ್ಳುತ್ತವೆ. ಸಾರಜನಕ ಕಡಿಮೆಯಾದಾಗ ಆಗುವುದು ಇದಕ್ಕೆ ತಿರುಗುಮುರುಗು: ಬುಡದ ಹಳೆಯ ಎಲೆಗಳು ನರಸಮೇತ ಒಂದೇ ಸಮನೆ ಹಳದಿಯಾಗುತ್ತವೆ. ಮೆಗ್ನೀಸಿಯಂ ಕೊರತೆಯೂ ಹಳೆಯ ಎಲೆಗಳಲ್ಲೇ ಮೊದಲು ಕಾಣುತ್ತದೆ. ಹಳದಿ ಕಂಡ ಕೂಡಲೇ ಯೂರಿಯಾ ಹಾಕುವ ರೂಢಿ ನಮ್ಮಲ್ಲಿದೆ. ಯಾವ ಎಲೆ ಹಳದಿಯಾಗಿದೆ ಎಂದು ಗಮನಿಸದೆ ಯೂರಿಯಾ ಕೊಟ್ಟರೆ ಕಬ್ಬಿಣವಿಲ್ಲದ ಗಿಡದಿಂದ ಇನ್ನಷ್ಟು ಚಿಗುರನ್ನು ಬಲವಂತವಾಗಿ ಹೊರಡಿಸಿದಂತಾಗುತ್ತದೆ, ಆ ಚಿಗುರು ಇನ್ನೂ ಬೆಳ್ಳಗೆ ಬರುತ್ತದೆ.

ಇಲ್ಲಿ ಬಹಳ ಜನರಿಗೆ ಬರುವ ಒಂದು ಸಂದೇಹವಿದೆ. ಮಂಡ್ಯ, ಮೈಸೂರು ಸೀಮೆಯ ಕೆಮ್ಮಣ್ಣಿಗೆ ಆ ಕೆಂಪು ಬಂದಿರುವುದೇ ಕಬ್ಬಿಣದಿಂದ. ಹಾಗಿರುವಾಗ ಕಬ್ಬಿಣದ ಕೊರತೆ ಎಲ್ಲಿಂದ ಬಂತು? ಮಣ್ಣಿನ ಕಬ್ಬಿಣ ಹೆಚ್ಚಾಗಿ ತುಕ್ಕಿನ ರೂಪದಲ್ಲಿರುತ್ತದೆ. ನೀರಿನಲ್ಲಿ ಕರಗಿದ ಕಬ್ಬಿಣವನ್ನಷ್ಟೇ ಬೇರು ಹೀರಬಲ್ಲದು. ಮಣ್ಣು ಹುಳಿಯಾಗಿದ್ದಾಗ ಈ ತುಕ್ಕು ಅಷ್ಟಿಷ್ಟು ಕರಗುತ್ತದೆ. ರಸಸಾರ ಒಂದು ಅಂಕ ಏರಿತೆಂದರೆ ಕರಗುವ ಕಬ್ಬಿಣ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ರಸಾಯನಶಾಸ್ತ್ರದ ಲೆಕ್ಕ. 6ರಲ್ಲಿ ಸುಖವಾಗಿದ್ದ ಗಿಡ 8ರಲ್ಲಿ ಏಕೆ ಸೊರಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಬುಡದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹೂಳುವ ಮನೆಮದ್ದು ಫಲಿಸದಿರುವುದಕ್ಕೂ ಇದೇ ಕಾರಣ. ಕೆಮ್ಮಣ್ಣಿನಲ್ಲಿ ತುಕ್ಕಿಗೆ ಬರವಿಲ್ಲ.

ನಿಮ್ಮ ಮನೆಯ ಮಣ್ಣಿಗೆ ಸುಣ್ಣ ಮೂರು ದಾರಿಯಿಂದ ಬಂದಿರಬೇಕು. ದೊಡ್ಡ ದಾರಿ ಬೋರ್‌ವೆಲ್. ನೀರು ಕಾಯಿಸುವ ಹಂಡೆಯ ಒಳಮೈಯಲ್ಲೋ, ಬಚ್ಚಲ ನಲ್ಲಿಯ ಮೂತಿಯಲ್ಲೋ ಬಿಳಿ ಪರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅದೇ ಪರೆ ಮೂರು ವರ್ಷಗಳಿಂದ ಗಿಡದ ಬೇರಿನ ಸುತ್ತಲೂ ಕಟ್ಟುತ್ತಿದೆ. ಅಂಥ ನೀರಿನಲ್ಲಿರುವ ಬೈಕಾರ್ಬೊನೇಟ್ ಮಣ್ಣಿನ ರಸಸಾರವನ್ನು ಏರಿಸುವುದಲ್ಲದೆ ಬೇರು ಹೀರಿದ ಅಲ್ಪಸ್ವಲ್ಪ ಕಬ್ಬಿಣವೂ ಎಲೆಯಲ್ಲಿ ಸರಿಯಾಗಿ ಬಳಕೆಯಾಗದಂತೆ ಮಾಡುತ್ತದೆ. ಎರಡನೆಯದು ಕಾಂಪೌಂಡ್ ಗೋಡೆ. ಮನೆ ಕಟ್ಟುವಾಗ ಉಳಿದ ಗಾರೆ, ಸಿಮೆಂಟಿನ ಹೆಂಟೆ, ಪ್ಲಾಸ್ಟರಿಂಗ್ ಮಾಡುವಾಗ ಉದುರಿದ ಚೂರು ಎಲ್ಲವೂ ಗೋಡೆಯ ಬುಡದಲ್ಲೇ ಹೂತುಹೋಗುತ್ತವೆ. ಗಿಡದಿಂದ ಒಂದು ಗೇಣು ದೂರದಲ್ಲಿ ಕುರ್ಪಿಯಿಂದ ಅರ್ಧ ಅಡಿ ಕೆದಕಿ ಒಂದು ಹಿಡಿ ಮಣ್ಣು ತೆಗೆದು, ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಸೋಡಾದಂತೆ ಗುಳ್ಳೆಯೆದ್ದು ‘ಸುಂಯ್’ ಎಂದರೆ ಅಲ್ಲಿ ಸುಣ್ಣವಿದೆ ಎಂದು ಖಚಿತ. ಮೂರನೆಯದು ಒಲೆಯ ಬೂದಿ. ತರಕಾರಿ ಮಡಿಗೆ, ತೆಂಗಿಗೆ ಬೂದಿ ಒಳ್ಳೆಯದೇ. ಕೇಪಳಕ್ಕೆ ಮಾತ್ರ ಅದು ಸುಣ್ಣ ಹಾಕಿದ ಹಾಗೆ. ಮೊಟ್ಟೆಯ ಚಿಪ್ಪಿನ ಪುಡಿಯೂ ಹಾಗೆಯೇ. ಇವುಗಳ ಜೊತೆಗೆ ಡಿಎಪಿಯಲ್ಲಿರುವ ರಂಜಕ ಅತಿಯಾದರೆ ಅದೂ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಬೂದಿ ಮತ್ತು ಡಿಎಪಿಯನ್ನು ಇಂದೇ ನಿಲ್ಲಿಸಿ.

ಈಗ ಪರೀಕ್ಷೆ. ಗ್ರಂಥಿಗೆ ಅಂಗಡಿಗಳಲ್ಲಿ ಅನ್ನಭೇದಿ ಸಿಗುತ್ತದೆ. ಗೊಬ್ಬರದಂಗಡಿಯವರು ಅದನ್ನೇ ಫೆರಸ್ ಸಲ್ಫೇಟ್ ಎನ್ನುತ್ತಾರೆ. ತಿಳಿ ಹಸಿರು ಹರಳುಗಳಾಗಿರಬೇಕು. ಕಂದುಬಣ್ಣಕ್ಕೆ ತಿರುಗಿದ್ದರೆ ಅದು ತುಕ್ಕಾಗಿ ಹೋಗಿದೆ, ಕೊಳ್ಳಬೇಡಿ. ಒಂದು ಲೀಟರ್ ಮಳೆನೀರಿಗೆ ಅಥವಾ ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಹಾಕಿ ಕರಗಿಸಿ, ಆಮೇಲೆ 5 ಗ್ರಾಂ ಅನ್ನಭೇದಿ ಕರಗಿಸಿ. ಈ ಕ್ರಮ ತಪ್ಪಬಾರದು. ಬೋರ್‌ವೆಲ್ ನೀರಿನಲ್ಲಿ ಕರಗಿಸಿದರೆ ಕಬ್ಬಿಣವೆಲ್ಲ ಕಂದು ಗಸಿಯಾಗಿ ತಳಕ್ಕಿಳಿಯುತ್ತದೆ. ಹೀಗೆ ಸಿದ್ಧವಾದ ದ್ರಾವಣವನ್ನು ಮಕ್ಕಳು ಚಿತ್ರಕ್ಕೆ ಬಳಸುವ ಕುಂಚದಿಂದ ನಾಲ್ಕೈದು ಹಳದಿ ಎಲೆಗಳಿಗೆ, ನಡುನರದ ಒಂದು ಪಕ್ಕಕ್ಕೆ ಮಾತ್ರ, ಎಲೆಯ ಮೇಲೂ ಕೆಳಗೂ ಸಂಜೆ ಹೊತ್ತು ಹಚ್ಚಿರಿ. ಆ ಎಲೆಗಳ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ಇದೇ ತೊಂದರೆಗೆ ನಾನು ಹೀಗೆ ಮಾಡಿ ಬಂದಿದ್ದೆ. ಹತ್ತನೆಯ ದಿನ ಹೋಗಿ ನೋಡಿದಾಗ, ನಡುನರವನ್ನೇ ಗಡಿಯಾಗಿಸಿಕೊಂಡು ಎಲೆಯ ಎಡಭಾಗ ಹಸಿರಾಗಿತ್ತು, ಬಲಭಾಗ ಹಾಗೆಯೇ ಹಳದಿಯಾಗಿ ಉಳಿದಿತ್ತು. ಕುಂಚ ತಪ್ಪಿ ಒಂದು ಹನಿ ಬಿದ್ದ ಕಡೆ ಹಳದಿಯ ನಡುವೆ ಸಾಸಿವೆಯಷ್ಟು ಹಸಿರು ಚುಕ್ಕೆ ಮೂಡಿತ್ತು. ಆ ಮನೆಯವರಿಗೆ ನಾನು ಹೆಚ್ಚೇನೂ ಹೇಳುವ ಅಗತ್ಯವೇ ಬೀಳಲಿಲ್ಲ. ನಿಮ್ಮ ಎಲೆಗಳಲ್ಲಿಯೂ ಹೀಗೆಯೇ ಆದರೆ ನನ್ನ ತೀರ್ಮಾನ ಸರಿ ಎಂದು ತಿಳಿಯಿರಿ. ಯಾವ ಬದಲಾವಣೆಯೂ ಕಾಣದಿದ್ದರೆ ಒಂದು ಗಿಡದ ಪಕ್ಕದಲ್ಲಿ ಅಗೆದು ಸಣ್ಣ ಬೇರುಗಳನ್ನು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕಾಟ. ಬೇರು ಕಪ್ಪಾಗಿ ಕೊಳೆತ ವಾಸನೆ ಬರುತ್ತಿದ್ದರೆ ನೀರು ನಿಂತು ಉಸಿರುಗಟ್ಟಿದೆ ಎಂದರ್ಥ. ಅವೆರಡಕ್ಕೂ ಚಿಕಿತ್ಸೆ ಬೇರೆ.

ಪರೀಕ್ಷೆ ಫಲಿಸಿದರೆ ಅದೇ ದ್ರಾವಣವನ್ನು ಎಲ್ಲ ಗಿಡಗಳಿಗೂ ಎಲೆ ತೋಯುವಂತೆ ಸಿಂಪಡಿಸಿ. 12ರಿಂದ 15 ದಿನಗಳ ಅಂತರದಲ್ಲಿ ಮೂರು ಸಲ ಸಾಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ, ಸಂಜೆಯೇ ಆಗಬೇಕು. ಹೆಚ್ಚು ಹಾಕಿದರೆ ಬೇಗ ಹಸಿರಾಗುತ್ತದೆಂದು ಭಾವಿಸಿ ಅಳತೆ ಮೀರಬೇಡಿ. ಗೋಡೆಯ ಬಣ್ಣಕ್ಕೂ ನೆಲದ ಕಲ್ಲಿಗೂ ಈ ನೀರು ತಾಗಿದರೆ ತುಕ್ಕಿನ ಕಲೆ ಬೀಳುತ್ತದೆ, ಅದು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಹಳೆಯ ಗೋಣಿಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಗೋಡೆಗೆ ಅಡ್ಡ ಹಿಡಿದುಕೊಳ್ಳಿ.

ಸಿಂಪಡಣೆ ಇರುವ ಎಲೆಗಳನ್ನು ಹಸಿರಾಗಿಸುತ್ತದೆ, ಮುಂದೆ ಬರುವ ಚಿಗುರಿಗೆ ಬೇರಿನಿಂದಲೇ ಕಬ್ಬಿಣ ಬರಬೇಕು. ಅನ್ನಭೇದಿಯನ್ನು ನೇರವಾಗಿ ಸುಣ್ಣದ ಮಣ್ಣಿಗೆ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ತುಕ್ಕಾಗುತ್ತದೆ. ಅದಕ್ಕಾಗಿ ಚಿಲೇಟೆಡ್ ಕಬ್ಬಿಣ ಎಂಬುದನ್ನು ಬಳಸುತ್ತಾರೆ; ಕಬ್ಬಿಣವನ್ನು ಮಣ್ಣಿನ ಸುಣ್ಣದಿಂದ ಕಾಪಾಡುವ ಸಾವಯವ ಕವಚವೊಂದರಲ್ಲಿ ಹಿಡಿದಿಟ್ಟ ಗೊಬ್ಬರ ಇದು. ಇಲ್ಲಿಯೇ ಅನೇಕರು ಹಣ ಕಳೆದುಕೊಳ್ಳುವುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ: ಶೇ 12 ಕಬ್ಬಿಣವಿರುವ ಇಡಿಟಿಎ ಮತ್ತು ಶೇ 6 ಕಬ್ಬಿಣವಿರುವ ಇಡಿಡಿಎಚ್‌ಎ. ಹನ್ನೆರಡು ಆರಕ್ಕಿಂತ ಹೆಚ್ಚು, ಬೆಲೆಯೂ ಕಡಿಮೆ ಎಂದು ಎಲ್ಲರೂ ಮೊದಲಿನದನ್ನೇ ಕೊಳ್ಳುತ್ತಾರೆ. ಆದರೆ ಇಡಿಟಿಎಯ ಕವಚ ರಸಸಾರ 6.5ರ ಆಸುಪಾಸು ದಾಟಿದ ಮೇಲೆ ಬಿಟ್ಟುಕೊಳ್ಳುತ್ತದೆ. ಇಡಿಡಿಎಚ್‌ಎಯದು 9ರವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮಂಥ ಮಣ್ಣಿಗೆ ಶೇ 6ರದ್ದೇ ಬೇಕು. ಕಪ್ಪು ಮಿಶ್ರಿತ ಕೆಂಪು ಬಣ್ಣದ ಪುಡಿ ಅದು. ಬುಡವನ್ನು ಮೊದಲೇ ನೆನೆಸಿಟ್ಟು, ಗಿಡವೊಂದಕ್ಕೆ 5 ಗ್ರಾಂ ಪುಡಿಯನ್ನು 4 ಲೀಟರ್ ನೀರಿನಲ್ಲಿ ಕದಡಿ ಸಂಜೆ ಸುರಿದು, ಮೇಲೆ ಇನ್ನಷ್ಟು ನೀರು ಹಾಯಿಸಿ. ಬೆಳಕಿಗೆ ಇದು ಕೆಡುತ್ತದೆಯಾದ್ದರಿಂದ ಮಣ್ಣಿನೊಳಗೆ ಇಳಿಯಬೇಕು. ವರ್ಷಕ್ಕೆ ಎರಡು ಸಲ ಸಾಕಾಗಬಹುದು.

ಇದೆಲ್ಲ ತಾತ್ಕಾಲಿಕ ಆಸರೆ. ಮಣ್ಣನ್ನೇ ಸರಿಪಡಿಸುವ ಕೆಲಸವನ್ನು ಮುಂಗಾರಿನ ಹೊತ್ತಿಗೆ ಆರಂಭಿಸಿ. ಪ್ರತಿ ಗಿಡದ ಸುತ್ತ ಬೇರಿಗೆ ಪೆಟ್ಟಾಗದಂತೆ ಮೇಲ್ಮಣ್ಣು ಕೆದಕಿ, ಸಿಗುವ ಗಾರೆ ಚೂರುಗಳನ್ನು ಆಯ್ದು ತೆಗೆಯಿರಿ. ನಂತರ ಗಂಧಕದ ಪುಡಿಯನ್ನು ಚದರ ಮೀಟರಿಗೆ 50 ಗ್ರಾಂನಂತೆ ಉದುರಿಸಿ ಮಣ್ಣಿನಲ್ಲಿ ಬೆರೆಸಿ, ಆರು ತಿಂಗಳ ಮೇಲೆ ಇನ್ನೊಮ್ಮೆ ಹಾಕಿ. ಮಣ್ಣಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ನಿಧಾನವಾಗಿ ಆಮ್ಲವಾಗಿಸುತ್ತವೆ. ಅವಕ್ಕೆ ಬೆಚ್ಚನೆಯ ವಾತಾವರಣ ಮತ್ತು ತೇವ ಎರಡೂ ಬೇಕಾಗಿರುವುದರಿಂದಲೇ ಮಳೆಗಾಲದವರೆಗೆ ಕಾಯಲು ಹೇಳಿದ್ದು. ಯೂರಿಯಾದ ಬದಲು ಅಮೋನಿಯಂ ಸಲ್ಫೇಟನ್ನು ಎರಡು ತಿಂಗಳಿಗೊಮ್ಮೆ ಗಿಡಕ್ಕೆ 20 ಗ್ರಾಂನಂತೆ ಕೊಡಿ, ಅದು ಸಾರಜನಕವನ್ನೂ ಒದಗಿಸಿ ಮಣ್ಣನ್ನು ಹುಳಿಯ ಕಡೆಗೂ ತಿರುಗಿಸುತ್ತದೆ. ಬುಡದಲ್ಲಿ ಮೂರು ಅಂಗುಲ ದಪ್ಪ ಒಣ ಎಲೆಯ ಹೊದಿಕೆ ಸದಾ ಇರಲಿ. ತೊಳೆದ ತೆಂಗಿನ ನಾರಿನ ಪುಡಿಯನ್ನೂ ಮೇಲ್ಮಣ್ಣಿಗೆ ಬೆರೆಸಬಹುದು. ಮಂಡ್ಯದಲ್ಲಿ ಸುಲಭವಾಗಿ ಸಿಗುವ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಬಗ್ಗೆ ಎಚ್ಚರವಿರಲಿ. ಅದು ಒಳ್ಳೆಯ ಸಾವಯವ ಗೊಬ್ಬರವೇ ಆದರೂ ಕಬ್ಬಿನ ಹಾಲನ್ನು ತಿಳಿಗೊಳಿಸಲು ಸುಣ್ಣ ಬಳಸುವುದರಿಂದ ಆ ಸುಣ್ಣದ ಅಂಶ ಅದರಲ್ಲಿ ಉಳಿದಿರುತ್ತದೆ. ಕೇಪಳದ ಬುಡಕ್ಕೆ ಅದು ಬೇಡ. ಹಬ್ಬಕ್ಕೆ ಕಾಂಪೌಂಡಿಗೆ ಸುಣ್ಣ ಬಳಿಸುವುದಾದರೆ ಗಿಡದ ಬುಡವನ್ನು ಮುಚ್ಚಿಕೊಳ್ಳಿ.

ನೀರಿನ ವಿಚಾರದಲ್ಲಿ ಮಾತ್ರ ನಾನು ಒತ್ತಿ ಹೇಳಬೇಕು, ಏಕೆಂದರೆ ಇದೊಂದು ಬದಲಾಗದಿದ್ದರೆ ಮೇಲಿನದೆಲ್ಲವನ್ನೂ ಪ್ರತಿವರ್ಷ ಮಾಡುತ್ತಲೇ ಇರಬೇಕಾಗುತ್ತದೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ ಸುಮಾರು 65,000 ಲೀಟರ್ ನೀರಾಯಿತು. ನಿಮ್ಮ 24 ಗಿಡಗಳಿಗೆ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ತಲಾ 5 ಲೀಟರ್ ಕೊಟ್ಟರೆ ದಿನಕ್ಕೆ 40 ಲೀಟರ್. ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಹೆಚ್ಚುಕಡಿಮೆ 6,000 ಲೀಟರ್ ಸಾಕು. ಎಂದರೆ ಈಗ ಆ ಎರಡೇ ಗಿಡಗಳ ಬುಡಕ್ಕೆ ಸುರಿದು ಹರಿದುಹೋಗುತ್ತಿರುವ ನೀರಿನ ಹತ್ತನೆಯ ಒಂದು ಪಾಲನ್ನು ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡರೆ ಇಡೀ ಸಾಲು ಬದುಕುತ್ತದೆ. ತೊಟ್ಟಿ ಕಟ್ಟುವುದು ಈಗ ಆಗದಿದ್ದರೆ, ಆ ಪೈಪಿನಿಂದ ಗೋಡೆಯುದ್ದಕ್ಕೂ ಒಂದು ಸಣ್ಣ ಕಾಲುವೆಯನ್ನಾದರೂ ತೆಗೆದು ಮಳೆನೀರು ಎಲ್ಲ ಗಿಡಗಳ ಬುಡವನ್ನು ಹಾಯ್ದು ಹೋಗುವಂತೆ ಮಾಡಿ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇರುವುದೇ ಇಲ್ಲವೆನ್ನಬಹುದು. ಕೇಪಳಕ್ಕೆ ಅದು ಉತ್ತಮ. ಇದಕ್ಕೆ ವಿರುದ್ಧವಾಗಿ, ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಬೋರ್‌ವೆಲ್ಲಿನ ಲವಣವೆಲ್ಲ ಇನ್ನಷ್ಟು ಸಾಂದ್ರವಾಗಿರುತ್ತದೆ. ನೀರು ವ್ಯರ್ಥವಾಗಬಾರದೆಂಬ ಕಾಳಜಿಯಿಂದ ಅದನ್ನು ಗಿಡಕ್ಕೆ ಹಾಕುವವರನ್ನು ನೋಡಿದ್ದೇನೆ. ಆ ನೀರಿನಲ್ಲಿ ನೆಲ ಒರೆಸಿ, ಗಿಡಕ್ಕೆ ಬೇಡ.

ನಿಮ್ಮದು ಹಳೆಯ ಗದ್ದೆಯ ಜಾಗವಾದ್ದರಿಂದ ಇನ್ನೊಂದು ಸಾಧ್ಯತೆಯನ್ನೂ ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ತಗ್ಗು ಪ್ರದೇಶಗಳಲ್ಲಿ ಚೌಳು ಮಣ್ಣಿನ ತುಂಡುಗಳಿವೆ. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಕಂಡರೆ, ಎಲೆಗಳ ಅಂಚು ಸುಟ್ಟಂತಾಗಿದ್ದರೆ ಮಣ್ಣನ್ನೂ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ನಿಮ್ಮ ಹತ್ತಿರದಲ್ಲೇ ವಿ.ಸಿ. ಫಾರಂ ಇದೆ, ಅಲ್ಲಿಯ ಕೃಷಿ ವಿಜ್ಞಾನಿಗಳನ್ನು ವಿಚಾರಿಸಿದರೆ ಮಾದರಿ ತೆಗೆಯುವ ಕ್ರಮ ತಿಳಿಸುತ್ತಾರೆ. ರಸಸಾರ, ಲವಣಾಂಶ, ಸುಣ್ಣದ ಅಂಶ ಮತ್ತು ನೀರಿನ ಬೈಕಾರ್ಬೊನೇಟ್, ಈ ನಾಲ್ಕು ಅಂಕಿ ಸಿಕ್ಕಿದರೆ ಸಾಕು. ರಸಸಾರ 8ನ್ನು ದಾಟಿ, ಮಣ್ಣು ಸುಣ್ಣದಿಂದ ತುಂಬಿದ್ದರೆ ಗಂಧಕ ಹಾಕಿ ಅದನ್ನು ಇಳಿಸಲು ಹೊರಡುವುದು ಖರ್ಚಿನ ಕೆಲಸ, ಫಲವೂ ನಿಲ್ಲದು. ಹಾಗಾದಾಗ ಗೋಡೆಯ ಸಾಲಿಗೆ ನಂದಿಬಟ್ಟಲು ಹಾಕಿ, ಕೇಪಳವನ್ನು ದೊಡ್ಡ ಕುಂಡಗಳಲ್ಲಿ ಬೇರೆ ಮಣ್ಣು ತುಂಬಿ ಬೆಳೆಸಿ ಎಂದೇ ನಾನು ಹೇಳುವುದು. ನಂದಿಬಟ್ಟಲು ಗಡಸು ನೀರನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ವರ್ಷವಿಡೀ ಹಸಿರಾಗಿರುತ್ತದೆ, ಪೂಜೆಗೂ ಒದಗುತ್ತದೆ.

ಗಿಡಗಳು ಹಸಿರಿಗೆ ತಿರುಗುವವರೆಗೆ ಕತ್ತರಿ ಮುಟ್ಟಿಸಬೇಡಿ. ಆಮೇಲೂ ಬೇಲಿ ಸಮಮಟ್ಟವಾಗಿರಲೆಂದು ಹದಿನೈದು ದಿನಕ್ಕೊಮ್ಮೆ ತಲೆ ಸವರಿದರೆ ಹೂ ಕಾಣುವುದಿಲ್ಲ, ಏಕೆಂದರೆ ಕೇಪಳದ ಗೊಂಚಲು ಮೂಡುವುದು ರೆಂಬೆಯ ತುದಿಯಲ್ಲೇ. ಒಂದು ಸುತ್ತಿನ ಹೂ ಮುಗಿದ ಮೇಲೆ ಒಣಗಿದ ಗೊಂಚಲಿನ ಕೆಳಗಿನ ಒಂದು ಜೋಡಿ ಎಲೆ ಸೇರಿಸಿ ಕತ್ತರಿಸಿದರೆ ಎರಡು ಕವಲೊಡೆದು ಎರಡು ಗೊಂಚಲು ಬರುತ್ತವೆ. ಎಲೆಯ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕಂಡರೆ ಅದರ ಮೇಲಿನ ರೆಂಬೆಯಲ್ಲಿ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಇರುತ್ತದೆ, ಇರುವೆಗಳ ಓಡಾಟವೂ ಇರುತ್ತದೆ. ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಡನೆ ಕಲಸಿ ವಾರಕ್ಕೊಮ್ಮೆ ಎರಡು ಮೂರು ಸಲ ಹೊಡೆಯಿರಿ. ಅನ್ನಭೇದಿಯ ದ್ರಾವಣದೊಂದಿಗೆ ಇದನ್ನು ಬೆರೆಸಬೇಡಿ.

22 ಗಿಡಗಳಲ್ಲಿ ತೀರಾ ಬೆಳ್ಳಗಾಗಿ ತುದಿ ಒಣಗಿರುವ ಒಂದೆರಡು ಉಳಿಯದೆಯೂ ಹೋಗಬಹುದು. ಅವುಗಳ ಜಾಗಕ್ಕೆ ನರ್ಸರಿಯಿಂದ ಹೊಸದನ್ನು ತರಬೇಕಾಗಿಲ್ಲ. ಮಳೆ ಹಿಡಿದ ಮೇಲೆ ಮೂಲೆಯ ಆ ಎರಡು ಹಸಿರು ಗಿಡಗಳಿಂದ, ತೀರಾ ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ, ಪೆನ್ಸಿಲ್ಲಿಗಿಂತ ಸಣ್ಣ ಕಡ್ಡಿಗಳನ್ನು ಅರ್ಧ ಅಡಿ ಉದ್ದಕ್ಕೆ ಕತ್ತರಿಸಿ, ತುದಿಯ ಎರಡು ಎಲೆಗಳನ್ನಷ್ಟೇ ಉಳಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಚೀಲಗಳಲ್ಲಿ ನೆರಳಿನಲ್ಲಿ ನೆಡಿ. ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಡುತ್ತವೆ. ಅವನ್ನು ಸಾಲಿಗೆ ಸೇರಿಸುವಾಗ ಗೋಡೆಯಿಂದ ಎರಡೂವರೆ ಅಡಿ ಈಚೆಗೆ, ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಟ್ಟು, ಗುಂಡಿಯ ಮಣ್ಣಿನಲ್ಲಿ ಗಾರೆಯ ಚೂರು ಒಂದೂ ಇಲ್ಲದಂತೆ ಆಯ್ದು ನೆಡಿ.